ಸತ್ಯನಾರಾಯಣಪೇಟೆಗೆ ಬಂದ ಕಡಲಹೂವು

"ಅಕ್ಕೋರ, ಸಾಹೇಬ್ರು ಅದಾರೇನ್ರಿ? ಅವರು ಹೇಳಿದ್ದು ಕಡೀಗೂ ಸಿಕ್ತು ನೋಡ್ರಿ!"

ಬಾಗಿಲಲ್ಲಿ ನಿಂತಿದ್ದವನು ಅದಿರು ಸಾಗಿಸುವ ಲಾರಿಯ ಡ್ರೈವರು. ಮುಖದ ತುಂಬ ನಗು. ಕೈಯಲ್ಲಿ ಒದ್ದೆ ಗೋಣಿತಾಟು ಸುತ್ತಿದ ಪ್ಲಾಸ್ಟಿಕ್ ಕ್ಯಾನು. ನಾನು ಅಕ್ಕಿ ಆರಿಸುವುದು ಬಿಟ್ಟು ಎದ್ದು ಹೊರಗೆ ಬಂದೆ. ಅವನು ನನ್ನ ಬರಿಗೈ ನೋಡಿದ, ಹಣೆ ನೋಡಿದ. ನಗು ನಿಂತುಹೋಯಿತು.

ಪಾಪ, ಅವನಿಗೆ ಗೊತ್ತಿರಲಿಲ್ಲ. ಅದಿರು ತುಂಬಿಕೊಂಡು ಕಾರವಾರದ ಬಂದರಿಗೆ ಹೋದವನು, ಅಲ್ಲೇ ಬೇರೆ ಬಾಡಿಗೆ ಸಿಕ್ಕಿ, ಬಹಳ ದಿನ ಬಳ್ಳಾರಿಯ ಕಡೆ ಬಂದೇ ಇರಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಕಾಮಾಲೆಯಲ್ಲಿ ಹೋಗಿಬಿಟ್ಟಿದ್ದರು.

"ಯಾ ಅಲ್ಲಾ," ಅಂದ. ಕ್ಯಾನು ಕೆಳಗಿಡಬೇಕೋ ಹಿಡಿದುಕೊಂಡೇ ಇರಬೇಕೋ ಅವನಿಗೆ ತಿಳಿಯಲಿಲ್ಲ. "ವಾಪಸ್ ಒಯ್ಯಲೇನ್ರಿ ಅಕ್ಕೋರ?"

"ಎಲ್ಲಿಗೆ ಒಯ್ತೀಯಪ್ಪ, ಸಮುದ್ರಕ್ಕ? ಇಡು ಕೆಳಗ," ಅಂದೆ. ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಆ ಮನುಷ್ಯ ಇದ್ದಾಗ ಬಾರದ್ದು ಈಗ ಬಂದು ಬಾಗಿಲಲ್ಲಿ ಕೂತಿದೆಯಲ್ಲ ಎಂಬ ಸಿಟ್ಟು.

ನನ್ನ ಗಂಡ ಅದಿರು ಲಾರಿಗಳ ಆಫೀಸಿನಲ್ಲಿ ಗುಮಾಸ್ತರು. ಯಾವಾಗಲೋ ಕೆಲಸದ ಮೇಲೆ ಕಾರವಾರಕ್ಕೆ ಹೋಗಿ, ಅಲ್ಲಿ ಯಾರದೋ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ನೋಡಿ ಬಂದರು. ಬಂದವರಿಗೆ ನಿದ್ದೆಯೇ ಇಲ್ಲ. ಬಳ್ಳಾರಿಯಲ್ಲಿ ಜನಕ್ಕೆ ಕುಡಿಯಲು ನೀರಿಲ್ಲ, ಇವರಿಗೆ ಪಡಸಾಲೆಯಲ್ಲಿ ಸಮುದ್ರ ಬೇಕಾಯಿತು. ಕಂಟೋನ್ಮೆಂಟಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ ಗಾಜು ಕೂರಿಸಿದರು. ಬಂದರಿನಿಂದ ಖಾಲಿ ಬರುವ ಲಾರಿಗಳಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರು ಬಂತು, ಮರಳು ಬಂತು, ಹವಳದ ಕಲ್ಲುಗಳು ಬಂದವು. ಮದ್ರಾಸಿನಿಂದ ರೈಲಿನಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ಎರಡು ಮೀನು ಬಂದವು. ಇನ್ನು ಬರಬೇಕಾದ್ದು ಒಂದೇ, ಆ ಮೀನುಗಳು ಮನೆ ಮಾಡಿಕೊಳ್ಳುವ ಕಡಲಹೂವು.

ಹೂವು ಅನ್ನುತ್ತಾರೆ ಅಷ್ಟೇ, ಅದು ಗಿಡವಲ್ಲ, ಪ್ರಾಣಿ. ಕಲ್ಲಿಗೆ ಬುಡ ಊರಿಕೊಂಡು ಮೇಲೆ ದಪ್ಪ ದಪ್ಪ ಎಳೆಗಳನ್ನು ಹರಡಿ ಕೂರುತ್ತದೆ. ಜಾಗ ಹಿಡಿಸದಿದ್ದರೆ ಬುಡ ಬಿಡಿಸಿಕೊಂಡು ಮೆಲ್ಲಗೆ ಜರುಗುತ್ತದೆ. ಇದನ್ನೆಲ್ಲ ನನಗೆ ಅವರೇ ಹೇಳಿದ್ದು, ನಾನು ಕೇಳದಿದ್ದರೂ. ಜೊತೆಗೆ ಇನ್ನೊಂದು ಮಾತು ಹೇಳಿದ್ದರು: "ಅದು ಬದುಕಿದ್ರ ಮೀನಿಗೆ ಮನಿ ಆಗತೈತಿ. ತೊಟ್ಯಾಗ ಸತ್ರ ನೀರು ಕೊಳಸಿ ಎಲ್ಲಾರ್ನೂ ಕರ್ಕಂಡು ಹೋಗತೈತಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾಕೆಂದರೆ ಆ ತೊಟ್ಟಿಯ ಮೇಲೆ ಆಗ ಮೀನಿನ ಜೀವವಷ್ಟೇ ಅಲ್ಲ, ನನ್ನ ಬಾಳೂ ನಿಂತಿತ್ತು. ಕುರುಗೋಡಿನಲ್ಲಿದ್ದ ನನ್ನ ಭಾವ, ಅಂದರೆ ಗಂಡನ ಅಣ್ಣ, ಮಣ್ಣು ಮಾಡಿ ಬಂದ ಮಾರನೇ ವಾರವೇ ಹೇಳಿದ್ದರು, "ಮನಿ ಬಾಡಿಗಿಗೆ ಕೊಡಾಣ. ಅವ್ವ, ನೀನು ಇಬ್ರೂ ಕುರುಗೋಡಿಗೆ ಬಂದ್ಬಿಡ್ರಿ." ಸಿರುಗುಪ್ಪದಿಂದ ನನ್ನ ತಮ್ಮನೂ ಕರೆಯುತ್ತಿದ್ದ. ಇಬ್ಬರೂ ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಒಂದು ಹೊಲಿಗೆ ಟೀಚರ್ ಕೆಲಸವಿತ್ತು, ಈ ಸತ್ಯನಾರಾಯಣಪೇಟೆಯಲ್ಲಿ ನನ್ನ ಗಂಡ ಓಡಾಡಿದ ಮನೆಯಿತ್ತು. ಬರುವುದಿಲ್ಲ ಎಂದು ನೇರವಾಗಿ ಹೇಳುವ ಧೈರ್ಯವಿರಲಿಲ್ಲ. "ಮೀನು ಅದಾವಲ್ಲ ಭಾವ, ಅವನ್ನ ಬಿಟ್ಟು ಹೆಂಗ ಬರ್ಲಿ?" ಅಂತ ನೆಪ ಹೇಳಿದ್ದೆ. ಹೇಳಿದ ಮೇಲೆ ಗೊತ್ತಾಯಿತು, ಅದು ಬಿಟ್ಟರೆ ನನ್ನ ಹತ್ತಿರ ಬೇರೆ ನೆಪವೇ ಇಲ್ಲ. "ಆತು, ಯುಗಾದಿ ಕಳೀಲಿ," ಅಂದಿದ್ದರು ಭಾವ.

ಅಂಥ ಹೊತ್ತಿನಲ್ಲಿ ಈ ಕ್ಯಾನು ಬಂತು.

ಒಳಗೆ ಬಗ್ಗಿ ನೋಡಿದರೆ ಹಿಂಡಿಟ್ಟ ಒದ್ದೆ ಕರವಸ್ತ್ರದಂಥ ಕಂದು ಮುದ್ದೆ. ಇದಕ್ಕಾಗಿಯೇ ಆ ಮನುಷ್ಯ ವರ್ಷಗಟ್ಟಲೆ ಜಪ ಮಾಡಿದ್ದು! "ಒಮ್ಮಿಗೇ ಹಾಕಬ್ಯಾಡ್ರಿ ಅಂದಾನ ಮೀನುಗಾರ," ಡ್ರೈವರು ಹೇಳಿದ. "ನಿಮ್ಮ ತೊಟ್ಟಿ ನೀರು ಹನಿ ಹನಿ ಇದರಾಗ ಬಿಡಬೇಕಂತ. ಅದಕ್ಕ ರೂಢಿ ಆಗಬೇಕಂತ."

ಹನಿ ಹನಿ ಹೇಗೆ ಬಿಡುವುದು? ಆಗ ನೆನಪಾಯಿತು. ಕಾಮಾಲೆ ಏರಿದಾಗ ಕಂಪೌಂಡರು ಮನೆಗೇ ಬಂದು ಗ್ಲೂಕೋಸ್ ಏರಿಸುತ್ತಿದ್ದ. ಆ ಪೈಪು, ಹನಿ ಸಣ್ಣ ದೊಡ್ಡ ಮಾಡುವ ಅದರ ಗಾಲಿ, ಎಲ್ಲ ಕಪಾಟಿನಲ್ಲಿ ಹಾಗೇ ಬಿದ್ದಿತ್ತು. ಎಸೆಯಲು ಮನಸ್ಸಾಗಿರಲಿಲ್ಲ. ತೆಗೆದು, ಬಿಸಿನೀರಿನಲ್ಲಿ ತೊಳೆದು, ಒಂದು ತುದಿ ತೊಟ್ಟಿಯಲ್ಲಿ ಇಳಿಬಿಟ್ಟೆ. ಇನ್ನೊಂದನ್ನು ಡ್ರೈವರು ಬಾಯಿಂದ ಎಳೆದು ಕ್ಯಾನಿನೊಳಗೆ ಬಿಟ್ಟ. ಹನಿ ಬೀಳತೊಡಗಿತು. ನಾನು ಪಕ್ಕದಲ್ಲಿ ಕೂತೆ. ಹೀಗೇ ಕೂತು ಹನಿ ನೋಡುತ್ತಿದ್ದೆ ಆಗಲೂ. ಆಗ ಯಾವ ಪ್ರಯೋಜನವೂ ಆಗಿರಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ.

ಮಧ್ಯಾಹ್ನದ ಹೊತ್ತಿಗೆ ಅದನ್ನು ತೊಟ್ಟಿಗಿಳಿಸಿದೆವು. ನನ್ನ ಗಂಡ ಅದಕ್ಕಾಗಿಯೇ ಒಂದು ಹವಳದ ಕಲ್ಲಿನಲ್ಲಿ ಉಳಿಯಿಂದ ಗುಳಿ ತೋಡಿ, ತಮ್ಮ ಕುರ್ಚಿಗೆ ಎದುರಾಗಿ ಇಟ್ಟಿದ್ದರು. ಹೂವನ್ನು ಆ ಗುಳಿಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಜಾರಿ ಮರಳಿಗೆ ಬಿತ್ತು. ಮತ್ತೆ ಕೂರಿಸಿದೆ, ಮತ್ತೆ ಜಾರಿತು. ನಾನೂ ಬಿಡಲಿಲ್ಲ. ಅತ್ತೆ ಗೋಡೆಗೊರಗಿ ಕೂತು ನೋಡುತ್ತಿದ್ದವರು ಕೊನೆಗೆ ಸಿಡುಕಿದರು.

"ಲೇ, ಬಿಡ ಅದನ್ನ. ಬಂದ ಸೊಸೀನ ಬಂದ ದಿನಾನೇ ರಟ್ಟಿ ಹಿಡದು ಒಲಿ ಮುಂದ ಕುಂದ್ರಸ್ತಾರೇನು? ಅದಕ್ಕ ಎಲ್ಲಿ ಬೇಕೋ ಅಲ್ಲಿ ಕುಂದ್ರಲಿ."

"ಅವರು ಇಲ್ಲೇ ಕುಂದ್ರಬೇಕು ಅಂದಿದ್ರು ಅತ್ತಿ."

"ಅಂವ ಅಂದಿದ್ದು ಎಲ್ಲಾ ಆಗೇತೇನು?" ಅಂದರು. ಅಂದವರೇ ಮುಖ ಆಚೆ ತಿರುಗಿಸಿದರು. ಆಮೇಲೆ ನಾನೂ ಕೈ ಹಾಕಲಿಲ್ಲ.

ಹೂವು ಎಲ್ಲಿಯೂ ಕೂರಲಿಲ್ಲ. ಒಂದು ದಿನ ಮೂಲೆಯಲ್ಲಿ, ಒಂದು ದಿನ ಕಲ್ಲಿನ ಸಂದಿಯಲ್ಲಿ, ಒಂದು ದಿನ ಗಾಜಿಗೆ ಅರೆಬರೆ ಅಂಟಿಕೊಂಡು. ದಿನದಿಂದ ದಿನಕ್ಕೆ ಮುದುಡುತ್ತ ಬಂತು. ಬಣ್ಣ ಬಿಳಿಚಿತು. ನಡುವೆ ಇರುವ ಬಾಯಿ ಸತ್ತವರ ಬಾಯಿಯ ಹಾಗೆ ತೆರೆದೇ ಇರುತ್ತಿತ್ತು. ಈ ಮನೆಗಾಗಿ ಕಾದಿದ್ದ ಮೀನುಗಳು ಹತ್ತಿರವೂ ಸುಳಿಯಲಿಲ್ಲ. ಅವೂ ಮಂಕಾಗಿ ಒಂದು ಮೂಲೆ ಹಿಡಿದಿದ್ದವು.

ಬಳ್ಳಾರಿಯ ಬಿಸಿಲು ಬೇರೆ. ಯುಗಾದಿಗೆ ಮೊದಲೇ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದೆ. ಶಾಲೆಯಿಂದ ಬರುವಾಗ ಐಸ್ ಕೊಂಡು ತಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೇಲಿಬಿಟ್ಟೆ. ಕರೆಂಟು ಹೋದರೆ ಗಾಳಿಯ ಪಂಪು ನಿಲ್ಲುತ್ತಿತ್ತು. ಅದಕ್ಕೆ ನನ್ನ ಗಂಡ ಒಂದು ಉಪಾಯ ಮಾಡಿಟ್ಟಿದ್ದರು. ಲಾರಿ ಗಾಲಿಯ ಹಳೇ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ ತೊಟ್ಟಿಗೆ ಬಿಡುವುದು. ಟ್ಯೂಬಿನ ಗಾಳಿ ಮುಗಿದರೆ ಸೈಕಲ್ ಪಂಪಿನಿಂದ ನಾನೇ ಹೊಡೆಯುತ್ತಿದ್ದೆ. ಸೀರೆ ಸಿಕ್ಕಿಸಿ, ಬೆವರು ಸುರಿಸುತ್ತ, ಪಂಪು ಒತ್ತುತ್ತ, ಗೋಡೆಯ ಮೇಲಿನ ಅವರ ಫೋಟೋಗೆ ಬೈಯುತ್ತಿದ್ದೆ. "ಏನ್ರೀ, ನಿಮಗ ಬಾಯಿ ಇದ್ದಿಲ್ಲೇನು? ಬರೇ ಊರ ಸುದ್ದಿ ಹೇಳತಿದ್ರಿ, ಇದನ್ನ ಹೆಂಗ ಸಾಕಬೇಕು ಅಂತ ಒಂದು ಮಾತು ಹೇಳಬಾರದಾಗಿತ್ತೇನು?" ಸತ್ತವರಿಗೆ ಬೈಯಬಾರದಂತೆ. ಬೈದೆ, ಅದಕ್ಕೇನೀಗ.

ತಿನ್ನಲು ಕೊಡುವುದೂ ದೊಡ್ಡ ಫಜೀತಿಯೇ. ನಮ್ಮದು ಲಿಂಗ ಕಟ್ಟಿದ ಮನೆ, ಮಾಂಸದ ಹೆಸರು ಎತ್ತುವಂತಿಲ್ಲ. ಅನ್ನದ ಅಗುಳು ಹಾಕಿದೆ, ನೆನೆಸಿದ ಮಂಡಕ್ಕಿ ಹಾಕಿದೆ. ಹೂವು ಮುಟ್ಟಲಿಲ್ಲ. ಮೀನುಗಳಿಗೆ ನನ್ನ ಗಂಡ ಹಾಕುತ್ತಿದ್ದದ್ದು ಮಾಳಿಗೆಯ ಮೇಲೆ ಒಂದು ಡಬ್ಬಿಯಲ್ಲಿತ್ತು, ಒಣ ಸಿಗಡಿಯ ಪುಡಿ. ಅತ್ತೆಗೆ "ಮೀನಿನ ಔಷಧ" ಎಂದು ಹೇಳಿದ್ದರು. ಅದನ್ನೇ ಸೆರಗಿನೊಳಗೆ ಮುಚ್ಚಿಕೊಂಡು ತಂದು ಹೂವಿನ ಬಾಯಿಗೆ ಉದುರಿಸುವಾಗ ಅತ್ತೆ ಹಿಂದಿನಿಂದ ಅಂದರು, "ಮುಚ್ಚತೀ ಯಾಕ? ವಾಸನಿ ನನಗ ಬರಂಗಿಲ್ಲೇನು? ಮಗ ಔಷಧ ಅಂದ, ನಾ ಔಷಧ ಅಂದ್ಕಂಡೀನಿ. ಹಾಕು."

ಆ ಔಷಧವನ್ನೂ ಹೂವು ಉಗುಳಿಬಿಟ್ಟಿತು.

ತೊಟ್ಟಿಯ ನೀರು ಬಿಸಿಲಿಗೆ ಒಂದೇ ಸಮನೆ ಇಳಿಯುತ್ತಿತ್ತು. ಗಾಜಿನ ಅಂಚಿಗೆಲ್ಲ ಬಿಳಿಯ ಉಪ್ಪು ಕಟ್ಟುತ್ತಿತ್ತು, ಒರೆಸಿ ಹಾಕುತ್ತಿದ್ದೆ. ಇಳಿದಷ್ಟನ್ನೂ ಹಿತ್ತಲ ಕೋಣೆಯಲ್ಲಿದ್ದ ಕ್ಯಾನುಗಳ ಸಮುದ್ರದ ನೀರಿನಿಂದ ತುಂಬುತ್ತಿದ್ದೆ. ಅವರು ಹೋದ ದಿನದಿಂದ ಅದನ್ನೊಂದು ತಪ್ಪಿಸಿರಲಿಲ್ಲ. ಸಮುದ್ರದ ಜೀವಕ್ಕೆ ಸಮುದ್ರದ ನೀರು, ಇನ್ನೇನು? ಸಿಹಿನೀರಿನ ಒಂದು ಹನಿ ಬಿದ್ದರೂ ಸತ್ತುಹೋದಾವು ಎಂದು ಕೈ ಒರೆಸಿಕೊಂಡೇ ಹತ್ತಿರ ಹೋಗುತ್ತಿದ್ದೆ. ತುಂಬಿದ ದಿನವೆಲ್ಲ ಹೂವು ಇನ್ನಷ್ಟು ಮುದುಡುತ್ತಿತ್ತು. ಸಮುದ್ರ ಸಾಲದೇನೋ ಎಂದು ಇನ್ನೊಂದಿಷ್ಟು ಹಾಕುತ್ತಿದ್ದೆ.

ಯುಗಾದಿ ಕಳೆಯಿತು. ಭಾವ ಬಂದರು. ತೊಟ್ಟಿಯ ಮುಂದೆ ನಿಂತು ಮೂಗು ಸೊಟ್ಟ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೂ ಎದುರು ಮಾತಾಡಲು ಬರುತ್ತದೆ. ಮೆತ್ತಗೆ ಹೇಳಿದರು, "ನೋಡವ್ವ, ತಮ್ಮನ ಆಸಿ ಇತ್ತು, ಅಂವನ ಜೋಡಿ ಹೋತು. ಇದರಾಗ ಇನ್ನ ಜೀವ ಇಲ್ಲ. ಮುಂದಿನ ಸೋಮವಾರ ಟ್ರ್ಯಾಕ್ಟರ್ ತರತೀನಿ. ಸಾಮಾನು ಕಟ್ಟಿ ಇಟ್ಟಿರ್ರಿ."

ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅವರು ಹೋದ ಮೇಲೆ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಮುದ್ದೆಗೆ ಬೇಡಿಕೊಂಡೆ. ದೇವರಿಗೂ ಹಾಗೆ ಬೇಡಿರಲಿಲ್ಲ. ಬದುಕವ್ವ, ಸೋಮವಾರದ ತನಕ ಆದರೂ ಬದುಕು, ಅಂತ. ನನ್ನ ಗತಿ ನೋಡಿ ನನಗೇ ನಾಚಿಕೆಯಾಯಿತು.

ಮಾರನೇ ಬೆಳಿಗ್ಗೆ ಅದು ಕಲ್ಲು ಬಿಟ್ಟು ಮರಳಿನ ಮೇಲೆ ಮಗುಚಿ ಬಿದ್ದಿತ್ತು. "ಅತ್ತೀ!" ಎಂದು ಕೂಗಿದೆ. ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಪೂಜೆಗೆಂದು ಅವರು ಹಿಂದಿನ ಸಂಜೆಯೇ ಬಟ್ಟೆಯಲ್ಲಿ ಸೋಸಿ ಮಣ್ಣಿನ ಹರವಿಯಲ್ಲಿ ಬೇರೆ ನೀರು ಇಡುತ್ತಿದ್ದರು. ಅದನ್ನು ಅಗ್ಗಣಿ ಅನ್ನುತ್ತೇವೆ. ಅವರ ಹೊರತು ಯಾರೂ ಆ ಹರವಿ ಮುಟ್ಟುವಂತಿರಲಿಲ್ಲ. ನಾನಂತೂ ಮದುವೆಯಾಗಿ ಬಂದಾಗಿನಿಂದ ಅದರ ಹತ್ತಿರ ಸುಳಿದವಳಲ್ಲ. ಉಳಿದ ಅಗ್ಗಣಿಯ ತಂಬಿಗೆ ಹಿಡಿದು ಅತ್ತೆ ಬಂದರು, ಹೂವನ್ನು ನೋಡಿದರು, ಸೆರಗು ತಲೆಯ ಮೇಲೆ ಎಳೆದುಕೊಂಡರು. ಸಾಯುವವರ ಬಾಯಿಗೆ ನೀರು ಬಿಡುತ್ತಾರಲ್ಲ, ಹಾಗೆ ತಂಬಿಗೆಯನ್ನು ತೊಟ್ಟಿಯ ಮೇಲೆ ಬಗ್ಗಿಸಿದರು.

ನಾನು ಹಾರಿ ಅವರ ಕೈ ಹಿಡಿದೆ. "ಬ್ಯಾಡ್ರಿ ಅತ್ತಿ! ಸಿಹಿನೀರು ಬಿದ್ರ ಇರೋ ಮೀನೂ ಸಾಯ್ತಾವ!"

"ಕೈ ಬಿಡ. ಹೋಗೋ ಜೀವಕ್ಕ ಒಂದು ಗುಟುಕು ಅಗ್ಗಣಿ ಬ್ಯಾಡೇನು?" ಅಂದರು ಅತ್ತೆ. "ಸಾಯಾಕ ಏನಾಗೇತಿ? ನನ್ನ ಮಗ ದಿನಾ ಹಾಕ್ತಿದ್ದ."

"ಏನು?"

"ದಿನಾ ಮುಂಜಾನಿ. ನಾ ಪೂಜಿ ಮುಗಿಸಿದ ಮ್ಯಾಲ ಉಳಿದ ಅಗ್ಗಣಿ ಇಸಗಂಡು ಇದಕ್ಕ ಹಾಕ್ತಿದ್ದ. ನೀ ಇನ್ನೂ ಎದ್ದಿರತಿದ್ದಿಲ್ಲ. ಮೂಕ ಜೀವಕ್ಕ ತೀರ್ಥ ಕೊಡತಾನ, ಒಳ್ಳೇ ಬುದ್ಧಿ ಬಂತು ಅಂತ ನಾ ಸುಮ್ಮನಿದ್ದೆ."

ನಾನು ಅವರ ಕೈ ಬಿಟ್ಟೆ. ತೊಟ್ಟಿಯಲ್ಲಿ ಬೆರಳದ್ದಿ ನಾಲಿಗೆಗಿಟ್ಟೆ. ವಿಷ! ಕಹಿ, ಬಾಯಿ ಒಗರಾಗುವಷ್ಟು ಉಪ್ಪು. ಓಡಿ ಹೋಗಿ ಕ್ಯಾನಿನ ನೀರಿಗೆ ಬೆರಳದ್ದಿ ನೆಕ್ಕಿದೆ. ಅದು ಬರೀ ಉಪ್ಪು, ಅಷ್ಟೇ. ಬಿಸಿಲಿಗೆ ಆರುತ್ತಿದ್ದದ್ದು ನೀರು, ಉಪ್ಪಲ್ಲ. ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿಯುತ್ತಿತ್ತು, ಅದರ ಮೇಲೆ ನಾನು ಮತ್ತೆ ಉಪ್ಪುನೀರು ಸುರಿಯುತ್ತಿದ್ದೆ. ಸಾರು ಬತ್ತಿದರೆ ಉಪ್ಪಾಗುತ್ತದೆ ಎಂದು ಒಲೆ ಮುಂದೆ ಕೂತ ಹುಡುಗಿಗೂ ಗೊತ್ತು. ನನಗೆ ಗೊತ್ತಾಗಲಿಲ್ಲ. ಹಣೆ ಹಣೆ ಚಚ್ಚಿಕೊಂಡೆ. ಫೋಟೋದ ಕಡೆ ತಿರುಗಿ ಇನ್ನೇನೋ ಬೈದೆ, ಬೈಯುತ್ತ ಬೈಯುತ್ತ ಬಿಕ್ಕಿದೆ.

ಅತ್ತೆ ಹರವಿಯನ್ನೇ ಎತ್ತಿ ತಂದು ನನ್ನ ಮುಂದಿಟ್ಟರು. "ತಗಾ," ಅಂದರು.

ಒಮ್ಮೆಗೇ ಸುರಿಯಲು ಭಯ. ತೊಟ್ಟಿಯಿಂದ ಸ್ವಲ್ಪ ಸ್ವಲ್ಪ ನೀರು ತೆಗೆಯುವುದು, ಅದೇ ಗ್ಲೂಕೋಸ್ ಪೈಪಿನಿಂದ ಹರವಿಯ ನೀರು ಹನಿ ಹನಿ ಬಿಡುವುದು. ಶಾಲೆಗೆ ರಜೆ ಹಾಕಿದೆ. ಗಂಟೆಗೊಮ್ಮೆ ನಾನು ನೆಕ್ಕಿ ನೋಡುವುದು, ಅತ್ತೆ "ಈಗ ಹೆಂಗೈತಿ?" ಅನ್ನುವುದು. ಆ ವಾರವೆಲ್ಲ ನಾವಿಬ್ಬರೂ ಬೇರೆ ಮಾತೇ ಆಡಲಿಲ್ಲ. ಮೀನುಗಳು ಚೇತರಿಸಿಕೊಂಡವು, ಮೂಲೆ ಬಿಟ್ಟು ಓಡಾಡಿದವು. ಹೂವು ಮಾತ್ರ ಬಿದ್ದಲ್ಲೇ ಇತ್ತು. ಅದರ ಸುತ್ತ ಬಿಳಿ ಲೋಳೆ ತೇಲಿತು. ಭಾನುವಾರ ಡ್ರೈವರು ನೋಡಲು ಬಂದವನು ಬಗ್ಗಿ ಮೂಸಿ, ತಲೆ ಅಲ್ಲಾಡಿಸಿದ.

"ತಗದ್ಬಿಡ್ರಿ ಅಕ್ಕೋರ. ವಾಸನಿ ಬಂತು. ಇನ್ನ ಬಿಟ್ರ ಮೀನೂ ಹೋಗತಾವ."

"ಇವತ್ತೊಂದಿನ ನೋಡ್ತೀನಪ್ಪ."

ನೋಡಿದೆ. ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ನೀರು ಅಂಬಲಿಯಷ್ಟು ಮಸುಕಾಗಿತ್ತು, ಮೀನುಗಳು ಮೇಲಕ್ಕೆ ಬಂದು ಗುಟುಕರಿಸುತ್ತಿದ್ದವು. ಇನ್ನು ಕಾಯುವಂತಿರಲಿಲ್ಲ. ಅವರು ತಂದ ಜೀವಗಳನ್ನಾದರೂ ಉಳಿಸಬೇಕಿತ್ತು. ಉಳಿಸಿ ಎಲ್ಲಿ ಇಡುವುದು, ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ, ಅದು ಗೊತ್ತಿರಲಿಲ್ಲ. ಅತ್ತೆ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತರು. ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

ಸೆರಗು ಸಿಕ್ಕಿಸಿ, ತೋಳಿನವರೆಗೂ ಕೈ ಇಳಿಬಿಟ್ಟೆ. ನೀರು ಬೆಚ್ಚಗಿತ್ತು. ಕೊಳೆತದ್ದು, ಮುಟ್ಟಿದರೆ ಕೈಯಲ್ಲಿ ಕರಗಿ ಬರುತ್ತದೆ ಎಂದು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಿದ್ದೆ. ಲೋಳೆ ಸರಿಸಿದೆ. ಬೆರಳು ಅದರ ಮೈಗೆ ತಾಗಿತು. ಗಟ್ಟಿಯಿತ್ತು. ಮೇಲೆತ್ತಲು ಹೋದೆ. ತೋರುಬೆರಳಿಗೆ ಏನೋ ಸುತ್ತಿಕೊಂಡಿತು, ಆಮೇಲೆ ಉಂಗುರದ ಬೆರಳಿಗೆ. ಕಣ್ಣು ಬಿಟ್ಟು ನೋಡಿದರೆ ಅದರ ಎಳೆಗಳು ನನ್ನ ಬೆರಳುಗಳಿಗೆ ಅಂಟಿಕೊಂಡಿದ್ದವು. ಕೈ ಹಿಂದಕ್ಕೆಳೆದೆ, ಬಿಡಲಿಲ್ಲ. ಎಳೆದಷ್ಟೂ ಬಿಗಿ ಹಿಡಿಯಿತು.

ಅವರು ಹೋದ ಮೇಲೆ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಬಂದವರೆಲ್ಲ ಎದುರು ಕೂತು ಸಮಾಧಾನ ಹೇಳಿ, ನೀರು ಕುಡಿದು ಎದ್ದು ಹೋಗಿದ್ದರು. ನಾನು ತೊಟ್ಟಿಗೆ ಹಣೆ ಹಚ್ಚಿ ನಿಂತೆ. ಕಣ್ಣೀರು ಅದರೊಳಗೇ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಸತ್ತೈತೇನವ್ವ?" ಅತ್ತೆ ಕೇಳಿದರು.

"ಇಲ್ರಿ ಅತ್ತಿ. ಹಿಡಕಂಡೈತಿ. ಬಿಡವಲ್ದು."

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದು, ಕಟ್ಟದ ಸಾಮಾನುಗಳನ್ನೂ ನನ್ನನ್ನೂ ನೋಡಿ, "ಯಾಕವ್ವ, ಇನ್ನೂ ತಯಾರಾಗಿಲ್ಲೇನು?" ಅಂದರು.

ಅತ್ತೆ ಖಾಲಿ ಬಕೆಟ್ಟನ್ನು ಅವರ ಕೈಗೆ ಕೊಟ್ಟರು.

"ನಲ್ಲಿ ಬಂದೈತಿ, ಒಂದು ಬಕೀಟು ನೀರು ಹಿಡಕಂಡು ಬಾ. ಹರವಿ ಖಾಲಿ ಆಗೇತಿ," ಅಂದರು. "ಆಕಿ ಬರಂಗಿಲ್ಲಪ್ಪ. ನಾನೂ ಬರಂಗಿಲ್ಲ."